ಸಹಾಯ ಬೇಕು: ಹೆಡ್‌ಫೋನ್ ಚುಚ್ಚಿದರೆ ಆಪ್-ಆಂಪ್ ಬಿಸಿಯಾಗುತ್ತಿದೆ

ಎಲ್ಲರಿಗೂ ನಮಸ್ಕಾರ. 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಸಿಮೋಯ್ ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಿದ್ದೇನೆ. ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನೋದು) 11, ಇನ್‌ಪುಟ್‌ನಿಂದ ಗ್ರೌಂಡ್‌ಗೆ 100 ಕಿಲೋಓಮ್ ರೆಸಿಸ್ಟರ್.

ಮೊದಲು ಎನ್‌ಇ5532 ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಐಸಿ) ಹಾಕಿದ್ದಾಗ ಔಟ್‌ಪುಟ್‌ನಲ್ಲಿ ಸುಮಾರು 0.2 ವೋಲ್ಟ್ ಬೇಡದ ಡಿಸಿ ಬರುತ್ತಿತ್ತು. ಅದರ ಕಾರಣ ಸಿಕ್ಕಿತು: ಬಯಾಸ್ ಕರೆಂಟ್ (ಐಸಿಯ ಇನ್‌ಪುಟ್‌ನಲ್ಲಿ ಹರಿಯುವ ಸಣ್ಣ ಕರೆಂಟ್) 200 ನ್ಯಾನೋಆಂಪಿಯರ್ ಆಸುಪಾಸು, 100 ಕಿಲೋಓಮ್ ಮೇಲೆ ಅದು 20 ಮಿಲಿವೋಲ್ಟ್, ಆಮೇಲೆ ಅದರ 11 ಪಟ್ಟು. ಬಯಾಸ್ ಕರೆಂಟ್ ತೀರಾ ಕಡಿಮೆಯಿರುವ, ಫೆಟ್ ಇನ್‌ಪುಟ್‌ನ ಒಪಿಎ2134 ಹಾಕಿದ ಮೇಲೆ ಡಿಸಿ 2-3 ಮಿಲಿವೋಲ್ಟ್‌ಗೆ ಇಳಿಯಿತು. ಅಲ್ಲಿಗೆ ಖುಷಿಯೇ.

ಈಗಿನ ತೊಂದರೆ ಬೇರೆ. ಹೆಡ್‌ಫೋನ್ ಚುಚ್ಚಿದ ಕೂಡಲೇ ಐಸಿ ಬೆರಳಿಡಲಾಗದಷ್ಟು ಕಾಯುತ್ತದೆ. ಹಾಡು ಹಾಕದಿದ್ದರೂ ಬ್ಯಾಟರಿಯಿಂದ 8 ಮಿಲಿಆಂಪಿಯರ್ ಬದಲು 40ರ ಹತ್ತಿರ ಎಳೆಯುತ್ತದೆ. ಹೆಡ್‌ಫೋನ್ ಕಿತ್ತರೆ ತಣ್ಣಗಾಗುತ್ತದೆ. ಕೇಬಲ್‌ನ ಕೆಪಾಸಿಟೆನ್ಸ್‌ನಿಂದ ಆಸಿಲೇಷನ್ (ಸಿಗ್ನಲ್ ಇಲ್ಲದೆಯೂ ಐಸಿ ತಾನೇ ಕಂಪಿಸುವುದು) ಆಗುತ್ತಿದೆ ಅಂತ ನನ್ನ ಗುಮಾನಿ. ಐಸಿಗೆ ವಿದ್ಯುತ್ ಕೊಡುವ 4 ಮತ್ತು 8ನೇ ಪಿನ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ, ಆದರೆ ಐಸಿಯಿಂದ ಒಂದು ಇಂಚು ದೂರದಲ್ಲಿ. ಅಷ್ಟು ದೂರವೂ ಕೆಡಿಸುತ್ತದೆಯೇ?

ಔಟ್‌ಪುಟ್‌ಗೆ ಸರಣಿಯಲ್ಲಿ 47 ಓಮ್ ರೆಸಿಸ್ಟರ್ ಹಾಕಬೇಕೆಂದಿದ್ದೇನೆ. ಅದು ಫೀಡ್‌ಬ್ಯಾಕ್ ಲೂಪ್‌ನ (ಔಟ್‌ಪುಟ್ ಅನ್ನು ಇನ್‌ಪುಟ್‌ಗೆ ಮರಳಿಸುವ ದಾರಿಯ) ಒಳಗಿರಬೇಕೋ ಹೊರಗೋ? ಹೊರಗಿಟ್ಟರೆ ನನ್ನ 32 ಓಮ್ ಹೆಡ್‌ಫೋನ್‌ನ ಬೇಸ್ ಸಡಿಲವಾದೀತು ಅನ್ನೋ ಚಿಂತೆ. ಆಸಿಲೋಸ್ಕೋಪ್ ಇಲ್ಲ, ಮಲ್ಟಿಮೀಟರ್ ಒಂದೇ. ಅದರಲ್ಲೇ ಆಸಿಲೇಷನ್ ಖಚಿತಪಡಿಸಿಕೊಳ್ಳುವ ದಾರಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.