ನ್ಯೂಜಿಲೆಂಡ್: ವಿಸಿಟರ್ ವೀಸಾದಲ್ಲಿ ಸೆಕೆಂಡ್ ಹ್ಯಾಂಡ್ ಕಾರು, ಓನರ್‌ಶಿಪ್, ಇನ್ಶೂರೆನ್ಸ್

ಘಟ್ಟದಾಚೆ:
ಡಿಸೆಂಬರ್‌ನಿಂದ ಮೂರು ತಿಂಗಳು ಇಬ್ಬರು ನ್ಯೂಜಿಲೆಂಡ್‌ನಲ್ಲಿರ್ತೀವಿ. ಅಷ್ಟು ದಿನಕ್ಕೆ ಬಾಡಿಗೆ ಕಾರು ದುಬಾರಿ. ಆಕ್ಲೆಂಡ್‌ನಲ್ಲಿ ಹಳೇ ಗಾಡಿ ತಗೊಂಡು, ವಾಪಸ್ ಬರುವಾಗ ಕ್ರೈಸ್ಟ್‌ಚರ್ಚ್‌ನಲ್ಲಿ ಮಾರೋ ಯೋಚನೆ. ಟೂರಿಸ್ಟ್ ಹೆಸರಿಗೆ ಗಾಡಿ ಆಗುತ್ತಾ? ನಮ್ಮ ಆರ್‌ಟಿಓ ಥರ ಫಾರ್ಮ್ 29, 30, ಎನ್‌ಓಸಿ ಎಲ್ಲಾ ಇದೆಯಾ? ಇನ್ಶೂರೆನ್ಸ್ ಕಡ್ಡಾಯ ಅಲ್ಲವಂತೆ, ನಿಜವಾ? ಇಬ್ಬರದೂ ಕರ್ನಾಟಕದ ಡಿಎಲ್.

ಕಿವಿ ಕನ್ನಡಿಗ:
ಖಂಡಿತ ಆಗುತ್ತೆ. ಓನರ್‌ಶಿಪ್ ಬದಲಾವಣೆ ಅಲ್ಲಿ ತುಂಬಾ ಸಲೀಸು. ಆನ್‌ಲೈನ್‌ನಲ್ಲಿ ಮಾಡೋಕೆ ಅಲ್ಲಿನ ಲೈಸೆನ್ಸ್ ಬೇಕಾಗೋದರಿಂದ ನೀವು ಪಾಸ್‌ಪೋರ್ಟ್, ಡಿಎಲ್ ಹಿಡಿದು ಎಎ (ವಾಹನ ಸವಾರರ ಸಂಘ) ಅಥವಾ ವಿಟಿಎನ್‌ಝಡ್ (ಗಾಡಿ ತಪಾಸಣೆ ಮಾಡೋ ಕಂಪನಿ) ಕೌಂಟರ್‌ಗೆ ಹೋಗಿ. ಅಲ್ಲಿನ ಒಂದು ವಿಳಾಸ ಕೊಡಬೇಕು. ಮಾರುವವರು ತಮ್ಮ ಕಡೆಯಿಂದ ಅಲ್ಲಿನ ಸಾರಿಗೆ ಸಂಸ್ಥೆಗೆ ಬೇರೆ ತಿಳಿಸ್ತಾರೆ. ನಂಬರ್ ಪ್ಲೇಟ್ ಮತ್ತು ಉಳಿದಿರೋ 'ರೆಜೊ' (ನಮ್ಮ ರೋಡ್ ಟ್ಯಾಕ್ಸ್ ಇದ್ದಂತೆ) ಗಾಡಿ ಜೊತೆಗೇ ಬರುತ್ತೆ.

ಆದರೆ ಅಲ್ಲಿ ಸಿಗೋ ರಿಜಿಸ್ಟ್ರೇಷನ್ ಪತ್ರ ಮಾಲೀಕತ್ವಕ್ಕೆ ಪುರಾವೆ ಅಲ್ಲ. ಅದಕ್ಕೇ ದುಡ್ಡು ಕೊಡೋ ಮುಂಚೆ ಪಿಪಿಎಸ್‌ಆರ್ (ಸಾಲಕ್ಕೆ ಅಡವಿಟ್ಟ ವಸ್ತುಗಳ ಸರ್ಕಾರಿ ಆನ್‌ಲೈನ್ ಪಟ್ಟಿ) ದಾಖಲೆಯಲ್ಲಿ ಪ್ಲೇಟ್ ನಂಬರ್ ಹಾಕಿ ಹುಡುಕಿ. ಗಾಡಿ ಮೇಲೆ ಸಾಲ ಬಾಕಿ ಇದ್ದು ನೀವು ಖಾಸಗಿ ವ್ಯಕ್ತಿಯಿಂದ ಕೊಂಡಿದ್ದರೆ, ಸಾಲ ಕೊಟ್ಟವರು ನಿಮ್ಮ ಕೈಯಿಂದಲೇ ಗಾಡಿ ಎಳೆದುಕೊಂಡು ಹೋಗಬಹುದು. ಹುಡುಕೋಕೆ ಆಗೋ ಖರ್ಚು ತೀರಾ ಕಮ್ಮಿ, ಯಾರ ಮಾತು ಕೇಳಿಯೂ ಇದನ್ನು ಬಿಡಬೇಡಿ.

ಇಂಗ್ಲಿಷ್‌ನಲ್ಲಿರೋ ಡಿಎಲ್ ಓಡಿಸೋಕೆ ಸಾಕು. ಕಾರ್ಡ್ ಜೊತೆಗಿರಬೇಕು, ಡಿಜಿಲಾಕರ್ ನಂಬಿ ಮನೇಲಿ ಬಿಟ್ಟು ಹೋಗಬೇಡಿ.

ಗ್ಯಾರೇಜ್ ಮಾತು:
ವಾರಂಟ್ ಆಫ್ ಫಿಟ್‌ನೆಸ್ (ಗಾಡಿ ರಸ್ತೆಗಿಳಿಯೋಕೆ ಸುರಕ್ಷಿತ ಅನ್ನೋ ತಪಾಸಣಾ ಪತ್ರ) ಬಗ್ಗೆ ಹೇಳ್ತೀನಿ. ಗಾಡಿ ನಿಮ್ಮ ಕೈಗೆ ಬರೋ ದಿನ ಅದು ಒಂದು ತಿಂಗಳಿಗಿಂತ ಹಳೇದಾಗಿರಬಾರದು. 'ಇದ್ದ ಹಾಗೇ ಒಪ್ಪಿಕೊಂಡಿದ್ದೀನಿ' ಅಂತ ಬರೆಸಿಕೊಂಡು ಕಮ್ಮಿ ರೇಟಿಗೆ ಕೊಡೋರು ಇರ್ತಾರೆ. ಮೂರೇ ತಿಂಗಳಿಗೆ ಹೋಗೋರಿಗೆ ಅದರ ಸಹವಾಸ ಬೇಡ.

ವಾರಂಟ್ ಇದ್ದರೆ ಗಾಡಿ ಚೆನ್ನಾಗಿದೆ ಅಂತಲ್ಲ. ಬ್ರೇಕ್, ಲೈಟ್, ಟೈರ್ (ಕನಿಷ್ಠ 1.5 ಮಿಮೀ ಗ್ರಿಪ್), ಬಾಡಿಯ ತುಕ್ಕು ನೋಡ್ತಾರೆ. ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಅದರಲ್ಲಿ ಬರೋದೇ ಇಲ್ಲ. ಅದಕ್ಕೆ ಬೇರೆಯಾಗಿ ಪ್ರೀ-ಪರ್ಚೇಸ್ ಇನ್‌ಸ್ಪೆಕ್ಷನ್ (ಕೊಳ್ಳೋ ಮುಂಚಿನ ಮೆಕ್ಯಾನಿಕ್ ತಪಾಸಣೆ) ಮಾಡಿಸಿ. ಅದಕ್ಕೂ ಮುಂಚೆ, ನೀವು ಹೋಗೋವರೆಗೆ ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾಲೀಕರಿಗೆ ಹೇಳಿ. ಬಿಸಿ ಇಂಜಿನ್‌ನಲ್ಲಿ ಹೊಗೆ, ಸದ್ದು ಎಲ್ಲಾ ಮುಚ್ಚಿಹೋಗುತ್ತೆ. ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಹಾಲು ಬೆರೆತ ಕಾಫಿ ಬಣ್ಣದ ಜಿಡ್ಡು ದಪ್ಪಗಿದ್ದರೆ ಕೂಲೆಂಟ್ ಆಯಿಲ್‌ಗೆ ಸೇರ್ತಿರಬಹುದು. ಆ ಗಾಡಿ ಬೇಡ.

ಅಲ್ಲಿ ಹಳೇ ಸುಬಾರು ಲೆಗಸಿ ಜಾಸ್ತಿ. 2.5 ಲೀಟರ್ ಇಜೆ25 ಇಂಜಿನ್ ಆದರೆ ಟೈಮಿಂಗ್ ಬೆಲ್ಟ್ ಸುಮಾರು 1,00,000 ಕಿಮೀಗೊಮ್ಮೆ ಬದಲಾಯಿಸಲೇಬೇಕು. ತುಂಡಾದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಹೊಡೆಯುತ್ತೆ, ಇಂಜಿನ್ ಕೆಲಸ ಅಲ್ಲಿಗೆ ಮುಗೀತು. ಬದಲಾಯಿಸಿದ ಕಿಮೀ, ತಾರೀಖು ಬರೆದ ಸ್ಟಿಕ್ಕರ್ ಬಾನೆಟ್ ಒಳಗೆ ಅಂಟಿಸಿರ್ತಾರೆ. ಸ್ಟಿಕ್ಕರೂ ಇಲ್ಲ, ಬಿಲ್ಲೂ ಇಲ್ಲ ಅಂದ್ರೆ ಆ ಖರ್ಚು ಬೆಲೆಯಲ್ಲಿ ಕಳೀರಿ.

ಪಾಲಿಸಿ ಓದುವವ:
ಇನ್ಶೂರೆನ್ಸ್ ಕಡ್ಡಾಯ ಅಲ್ಲ ಅನ್ನೋದು ನಿಜ. ನಮ್ಮಲ್ಲಿ ಥರ್ಡ್ ಪಾರ್ಟಿ ಇಲ್ಲದೆ ರಸ್ತೆಗಿಳಿಯೋ ಹಾಗಿಲ್ಲ, ಅಲ್ಲಿ ಹಾಗಲ್ಲ. ಕಾರಣ, ಅಪಘಾತದಲ್ಲಿ ಆಗೋ ಗಾಯದ ಚಿಕಿತ್ಸೆಯನ್ನ ಎಸಿಸಿ ಅನ್ನೋ ಸರ್ಕಾರಿ ವ್ಯವಸ್ಥೆ ನೋಡಿಕೊಳ್ಳುತ್ತೆ, ಪ್ರವಾಸಿಗರಿಗೂ ಅನ್ವಯಿಸುತ್ತೆ. ಆದರೆ ಎದುರಿನವರ ಕಾರು, ಕಾಂಪೌಂಡ್ ಹಾಳಾದರೆ ಎಸಿಸಿ ಒಂದು ಪೈಸೆ ಕೊಡಲ್ಲ. ತಪ್ಪು ನಿಮ್ಮದಾದರೆ ಪೂರ್ತಿ ಜೇಬಿಂದ. ಹಾಗಾಗಿ ಕನಿಷ್ಠ ಥರ್ಡ್ ಪಾರ್ಟಿ ತಗೊಳ್ಳಲೇಬೇಕು, ಹಳೇ ಗಾಡಿಗೆ ಅಷ್ಟೇ ಸಾಕು ಕೂಡ.

ಮಾರುವವರ ಪಾಲಿಸಿ ನಿಮಗೆ ಬರಲ್ಲ. ಗಾಡಿ ತಗೊಂಡು ಹೊರಡೋ ಮುಂಚೆ ನಿಮ್ಮ ಪಾಲಿಸಿ ಶುರುವಾಗಿರಬೇಕು. ಅರ್ಜಿಯಲ್ಲಿ ವಿದೇಶಿ ಲೈಸೆನ್ಸ್ ಅಂತ ಸ್ಪಷ್ಟವಾಗಿ ಬರೀರಿ, ಓಡಿಸೋ ಇಬ್ಬರ ಹೆಸರೂ ಕೊಡಿ, ಒಳಗೆ ಮಲಗ್ತೀರಾದರೆ ಅದನ್ನೂ ಹೇಳಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರ ಆಗುತ್ತೆ. ವಿದೇಶಿ ಲೈಸೆನ್ಸ್‌ಗೆ, 25 ವರ್ಷದೊಳಗಿನವರಿಗೆ ಎಕ್ಸೆಸ್ (ಕ್ಲೇಮ್‌ನಲ್ಲಿ ನೀವೇ ಭರಿಸಬೇಕಾದ ಪಾಲು) ಹೆಚ್ಚಿರಬಹುದು, ಕೇಳಿ ತಿಳ್ಕೊಳ್ಳಿ.

ಘಟ್ಟದಾಚೆ:
ಎಲ್ಲರಿಗೂ ಥ್ಯಾಂಕ್ಸ್. ಹಾಸಿಗೆ ಹಾಕಿದ ಡೀಸೆಲ್ ವ್ಯಾನ್ ಒಂದು ಕಣ್ಣಿಗೆ ಬಿದ್ದಿದೆ. ಇದರಲ್ಲಿ ಬೇರೆ ತೊಡಕು ಏನಾದರೂ ಇದೆಯಾ?

ಕಿವಿ ಕನ್ನಡಿಗ:
ಎರಡಿದೆ. ಡೀಸೆಲ್‌ಗೆ ಅಲ್ಲಿ ಕಿಲೋಮೀಟರ್ ಲೆಕ್ಕದಲ್ಲಿ ರೋಡ್ ಯೂಸರ್ ಚಾರ್ಜ್ ಇದೆ, 1,000 ಕಿಮೀ ಹಾಗೆ ಮುಂಗಡ ಕೊಳ್ಳಬೇಕು. 3.5 ಟನ್ ಒಳಗಿನ ಗಾಡಿಗೆ ಪ್ರತಿ ಸಾವಿರಕ್ಕೆ 76 ಡಾಲರ್, ಮೇಲೆ ಸಣ್ಣ ಶುಲ್ಕ. ಮುಂದಿನ ಗಾಜಿನ ಲೇಬಲ್ ಓಡೋಮೀಟರ್ ಜೊತೆ ತಾಳೆ ನೋಡಿ. ಲೇಬಲ್ 2,12,000ಕ್ಕೆ ಮುಗಿದು ಮೀಟರ್ 2,14,300 ತೋರಿಸ್ತಿದ್ದರೆ 2,300 ಕಿಮೀ ಬಾಕಿ, ಅಂದರೆ ಮೂರು ಯೂನಿಟ್, 228 ಡಾಲರ್. ಅದು ನಿಮ್ಮ ತಲೆಗೆ ಬರಬಹುದು, ಮಾರುವವರಿಂದಲೇ ಮೊದಲು ಕಟ್ಟಿಸಿ.

ಇನ್ನೊಂದು, ಹಾಸಿಗೆ ಇದ್ದ ಮಾತ್ರಕ್ಕೆ ಎಲ್ಲೆಂದರಲ್ಲಿ ಮಲಗೋಕಾಗಲ್ಲ. 2023ರ ಕಾನೂನಿನ ಪ್ರಕಾರ ಹಸಿರು ಸೆಲ್ಫ್-ಕಂಟೇನ್ಡ್ ವಾರಂಟ್‌ಗೆ (ನೀರು, ಟಾಯ್ಲೆಟ್ ಎಲ್ಲಾ ಗಾಡಿಯಲ್ಲೇ ಇದೆ ಅನ್ನೋ ಪ್ರಮಾಣಪತ್ರ) ಟಾಯ್ಲೆಟ್ ಗಾಡಿಗೇ ಕೂರಿಸಿರಬೇಕು, ಎತ್ತಿಡೋ ಪೋರ್ಟಬಲ್ ಟಾಯ್ಲೆಟ್ ನಡೆಯಲ್ಲ. ಅದಿಲ್ಲದಿದ್ದರೆ ದುಡ್ಡು ಕೊಟ್ಟು ಕ್ಯಾಂಪ್‌ಸೈಟ್‌ನಲ್ಲಿ ನಿಲ್ಲಿಸೋ ಖರ್ಚನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ.

ಮಾರುವಾಗ ಕೊಂಡವರ ಹೆಸರು, ವಿಳಾಸ ತಗೊಂಡು ಮಾರಿದ್ದೀನಿ ಅಂತ ಅದೇ ದಿನ ಸಾರಿಗೆ ಸಂಸ್ಥೆಗೆ ತಿಳಿಸಿ. ಇಲ್ಲದಿದ್ದರೆ ಅವರ ಸ್ಪೀಡಿಂಗ್ ದಂಡದ ನೋಟಿಸ್ ನಿಮ್ಮ ಹೆಸರಿಗೇ ಬರುತ್ತೆ.