ಕಿಲುಬಲ್ಲದ ಕಪ್ಪಿಗೆ ಏನನ್ನೋಣ? ಹಳೆಯ ಗಾಳದ ರೀಲ್ ಸುತ್ತ ಕೆಲವು ಪದಗಳು

ಒಂದು ಪದ ಬೇಕಾಗಿದೆ. ಹಳೆಯ ಹಿತ್ತಾಳೆ, ಕಂಚಿನ ಮೇಲೆ ವರ್ಷ ಕಳೆದಂತೆ ತಾನಾಗಿ ಕೂರುವ ಕಂದುಗಪ್ಪು ಬಣ್ಣ ಇದೆಯಲ್ಲ, ಇಂಗ್ಲಿಷಿನವರು ಪ್ಯಾಟಿನಾ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನು ಹೇಳೋಣ? ಕಿಲುಬು ಅನ್ನಬೇಡಿ. ಯಾಕೆ ಬೇಡ ಅನ್ನೋದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಹಳೆಯ ಮೀನುಗಾಳದ ರೀಲ್‌ಗಳನ್ನು, ಅಂದರೆ ಗಾಳದ ದಾರ ಸುತ್ತಿಡುವ ರಾಟೆಗಳನ್ನು, ಬಿಚ್ಚಿ, ಶುದ್ಧ ಮಾಡಿ, ಮತ್ತೆ ತಿರುಗುವಂತೆ ಮಾಡುವುದು ನನ್ನ ಹವ್ಯಾಸ. 12 ವರ್ಷದಿಂದ ಬಿಟ್ಟಿಲ್ಲ. ಹೋದ ವರ್ಷ ಒಬ್ಬ ಹುಡುಗ ತಾನೂ ಕಲಿಯುತ್ತೇನೆ ಅಂದ. ಅವನಿಗೆ ಎರಡು ಪುಟ ಕನ್ನಡದಲ್ಲೇ ಬರೆದುಕೊಟ್ಟೆ. ಅದರಲ್ಲಿ ‘ಹಿತ್ತಾಳೆಯ ಮೇಲಿನ ಕಿಲುಬು ಪೂರ್ತಿ ತೆಗೆಯಬೇಕು’ ಅಂತ ಒಂದು ಸಾಲು ಇತ್ತು. ಹುಡುಗ ಶ್ರದ್ಧೆಯವನು, ಪೂರ್ತಿ ತೆಗೆದ. ರೀಲ್ ತಂದು ನನ್ನ ಕೈಗಿಟ್ಟಾಗ ಆಗಷ್ಟೇ ಬೆಳಗಿದ ಪಾತ್ರೆಯ ಹಾಗೆ ಫಳಫಳ ಅನ್ನುತ್ತಿತ್ತು. ಅಂಚಿನಲ್ಲಾಗಲಿ ಹಿಡಿಯ ಬುಡದಲ್ಲಾಗಲಿ ಒಂದು ಚೂರು ಕಪ್ಪು ಉಳಿದಿರಲಿಲ್ಲ. ರೀಲಿನ ಪಕ್ಕದ ತಟ್ಟೆಯ ಮೇಲೆ ಕೆತ್ತಿದ್ದ ಅಕ್ಷರಗಳೂ ಸವೆದು ಮೊಂಡಾಗಿದ್ದವು. ಅವನು ಖುಷಿಯಲ್ಲಿದ್ದ. ನನಗೆ ಮಾತೇ ಹೊರಡಲಿಲ್ಲ. ತಪ್ಪು ಅವನದಲ್ಲ, ನಾನು ಬರೆದ ಪದದ್ದು.

ತಾಮ್ರ, ಹಿತ್ತಾಳೆ, ಕಂಚಿಗೆ ಹಿಡಿಯುವುದು ಕಿಲುಬು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ಕೆಲವು ಕಡೆ ಜಂಗು. ಈ ವ್ಯತ್ಯಾಸ ಕನ್ನಡದಲ್ಲಿ ಎಷ್ಟು ಚೊಕ್ಕವಾಗಿದೆ ನೋಡಿ. ಒಂದೇ ರೀಲಿನಲ್ಲಿ ಹಿತ್ತಾಳೆಯ ತಟ್ಟೆಯೂ ಇರುತ್ತದೆ, ಉಕ್ಕಿನ ಸ್ಪ್ರಿಂಗೂ ಇರುತ್ತದೆ. ‘ತುಕ್ಕು ನೋಡು’ ಅಂದರೆ ಕಣ್ಣು ಸ್ಪ್ರಿಂಗಿನ ಕಡೆ ಹೋಗುತ್ತದೆ, ‘ಕಿಲುಬು ನೋಡು’ ಅಂದರೆ ತಟ್ಟೆಯ ಕಡೆ. ಬೇರೆ ವಿವರಣೆ ಬೇಕಾಗುವುದಿಲ್ಲ. ಆದರೆ ಕಿಲುಬನ್ನು ಒಳ್ಳೆಯ ಅರ್ಥದಲ್ಲಿ ಬಳಸಿದ್ದನ್ನು ನಾನು ಕೇಳಿಲ್ಲ. ಬೆಲೆ ಇಲ್ಲದ್ದಕ್ಕೆ ಕಿಲುಬು ಕಾಸು ಅನ್ನುತ್ತೇವೆ. ಕಿಲುಬು ಅಂದಮೇಲೆ ತೆಗೆಯಲೇಬೇಕು, ಆ ಅಪ್ಪಣೆ ಪದದೊಳಗೇ ಇದೆ. ಹುಡುಗ ಕೇಳಿದ್ದೂ ಅದನ್ನೇ.

ನಿಜವಾದ ಕಿಲುಬನ್ನು ಹತ್ತಿರದಿಂದ ನೋಡೋಣ. ಚರ್ಮದ ಪೆಟ್ಟಿಗೆಯಲ್ಲಿ ಹತ್ತಾರು ವರ್ಷ ಮಲಗಿದ್ದ ರೀಲನ್ನು ತೆಗೆದರೆ, ಚರ್ಮ ತಾಗಿದ ಕಡೆ, ತಿರುಪುಗಳ ತಲೆಯ ಸುತ್ತ, ಹಳೆಯ ಗ್ರೀಸ್ ನಿಂತ ಸಂದಿನಲ್ಲಿ ಹಸಿರು ಮೇಣದಂಥದ್ದು ಕೂತಿರುತ್ತದೆ. ಜಿಡ್ಡಿನಲ್ಲಿರುವ ಹುಳಿ ಹಿತ್ತಾಳೆಯೊಳಗಿನ ತಾಮ್ರದ ಜೊತೆ ಸೇರಿ ಆದದ್ದು ಅದು. ಉಗುರಿನಲ್ಲಿ ಕೆರೆದರೆ ಮೆತ್ತಗೆ ಎದ್ದು ಬರುತ್ತದೆ. ಕೆಲವೊಮ್ಮೆ ಅಡಿಯಲ್ಲಿ ಸಣ್ಣ ಗುಳಿ ಬಿದ್ದಿರುತ್ತದೆ. ಇದನ್ನು ಬಿಟ್ಟರೆ ಲೋಹವನ್ನು ತಿನ್ನುತ್ತಾ ಹೋಗುತ್ತದೆ, ಹಾಗಾಗಿ ತೆಗೆಯಲೇಬೇಕು. ಚೂಪು ಮಾಡಿದ ಮರದ ಕಡ್ಡಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಜೊತೆಗೆ ತಾಳ್ಮೆ ಸಾಕು. ಅಮೋನಿಯಾ ಇರುವ ಪಾಲಿಷ್ ಮಾತ್ರ ಬೇಡವೇ ಬೇಡ. ಒಳಗೆ ಬಿಗುವು ಉಳಿದಿರುವ ಹಿತ್ತಾಳೆ ಅದರಿಂದ ಬಿರುಕು ಬಿಡಬಹುದು.

ಈಗ ಅದೇ ರೀಲಿನ ತಟ್ಟೆ ನೋಡಿ. ಹಸಿರಿಲ್ಲ. ಜೇನಿನ ಬಣ್ಣದಿಂದ ಶುರುವಾಗಿ ಕಂದು, ಸಂದುಗಳಲ್ಲಿ ಹತ್ತಿರ ಹತ್ತಿರ ಕಪ್ಪು. ಉಗುರಿಗೆ ಸಿಗುವುದಿಲ್ಲ. ಕೈ ಜಾಸ್ತಿ ತಾಗಿದ ಕಡೆ ತೆಳು, ತಾಗದ ಕಡೆ ದಟ್ಟ. ಹಿಡಿದವರ ಹೆಬ್ಬೆರಳು ಎಲ್ಲಿ ಕೂರುತ್ತಿತ್ತು ಅನ್ನೋದು ಅಲ್ಲಿ ಕಾಣುತ್ತದೆ. ಇದು ಲೋಹವನ್ನು ತಿನ್ನುತ್ತಿಲ್ಲ, ಅದರ ಮೇಲೆ ಸುಮ್ನೆ ಹೊದಿಕೆಯ ಹಾಗೆ ಕೂತಿದೆ. ಒಮ್ಮೆ ತಿಕ್ಕಿ ತೆಗೆದರೆ ಮತ್ತೆ ಅಷ್ಟೇ ವರ್ಷ ಕಾಯಬೇಕು. ನನಗೆ ಪದ ಬೇಕಾಗಿರುವುದು ಇದಕ್ಕೆ.

ತೊಡಕು ಇಲ್ಲಿಗೆ ಮುಗಿಯುವುದಿಲ್ಲ. ಮೂರನೆಯ ಬಣ್ಣವೂ ಒಂದಿದೆ, ತಯಾರಿಸಿದವರೇ ಕೊಟ್ಟದ್ದು. ಇಂಗ್ಲೆಂಡಿನ ಆನಿಕ್ ಊರಿನ ಹಾರ್ಡಿಯವರ ‘ಪರ್ಫೆಕ್ಟ್’ ರೀಲ್ 1891ರಿಂದ ಬಂತು. ಅದರ ಶುರುವಿನ ಹಿತ್ತಾಳೆ ರೀಲ್‌ಗಳಿಗೆ ಕಾರ್ಖಾನೆಯಲ್ಲೇ ಕಂಚಿನಂಥ ಕಂದು ಬಣ್ಣ ಹಿಡಿಸುತ್ತಿದ್ದರು. ಆಮೇಲಿನವಕ್ಕೆ ಸೀಸದಂಥ ಬೂದುಗಪ್ಪು. ಬಿಸಿಲಿನಲ್ಲಿ ರೀಲ್ ಮಿಂಚಿದರೆ ಮೀನು ಬೆದರುತ್ತದೆ ಅನ್ನೋದು ಗಾಳದವರ ಮಾತು. ಇದು ವಯಸ್ಸಿನ ಬಣ್ಣ ಅಲ್ಲ, ಕಿಲುಬಂತೂ ಅಲ್ಲವೇ ಅಲ್ಲ. ಇದಕ್ಕೆ ‘ಲೇಪ’ ಅನ್ನಬಹುದು ಅಂದುಕೊಂಡಿದ್ದೆ. ಆದರೆ ಲೇಪ ಅಂದರೆ ಬಳಿದದ್ದು. ಸ್ವೀಡನ್ನಿನ ಆಬು ಕಂಪನಿಯ ಅಂಬಾಸಡರ್ 5000 ಅಂತ ಒಂದು ರೀಲ್ 1952ರಲ್ಲಿ ಬಂತು. ಅದರ ಕೆಂಪು ಬಣ್ಣ ಬಳಿದದ್ದಲ್ಲ. ಅಲ್ಯುಮಿನಿಯಮ್ಮನ್ನು ಹುಳಿ ದ್ರವದಲ್ಲಿಟ್ಟು ವಿದ್ಯುತ್ ಹಾಯಿಸಿ, ಅದರ ಮೈಯನ್ನೇ ಗಟ್ಟಿ ಪದರವಾಗಿ ಮಾಡಿ, ಆ ಪದರಕ್ಕೆ ಬಣ್ಣ ಕುಡಿಸಿದ್ದು. ಕಾಸ್ಟಿಕ್ ಸೋಡಾ ಇರುವ ನೀರಿನಲ್ಲಿಟ್ಟರೆ ಬಣ್ಣದ ಜೊತೆ ಪದರವೇ ಕರಗಿ ಹೋಗುತ್ತದೆ. ಹಾಗಾಗಿ ತಯಾರಿಸಿದವರು ಕೊಟ್ಟದ್ದಕ್ಕೆಲ್ಲ ‘ಕೊಟ್ಟ ಬಣ್ಣ’ ಅಂತಲೇ ಬರೆಯುತ್ತಿದ್ದೇನೆ. ಸಪ್ಪೆ ಪದ, ಆದರೆ ಯಾರಿಗೂ ದಾರಿ ತಪ್ಪುವುದಿಲ್ಲ.

ಮೊದಲಿನ ಪ್ರಶ್ನೆಗೆ ಬರುತ್ತೇನೆ. ‘ಕರೆ’ ಅಂತ ಒಬ್ಬರು ಹೇಳಿದರು. ಕರೆ ಅಂದರೆ ಬಟ್ಟೆಗೋ ಹಲ್ಲಿಗೋ ಕಟ್ಟಿದ್ದು, ಅದೂ ತೊಳೆಯಬೇಕಾದದ್ದೇ. ‘ಮಾಸಲು’ ಅಂದರೆ ಬಣ್ಣ ಕಳೆದುಕೊಂಡದ್ದು. ಇಲ್ಲಿ ಬಣ್ಣ ಬಂದಿದೆ, ಹೋಗಿಲ್ಲ. ‘ಪೊರೆ’ ಚೆನ್ನಾಗಿದೆ, ತೆಳುವಾಗಿ ಅಂಟಿಕೊಂಡ ಪದರ ಅನ್ನುವ ಅರ್ಥಕ್ಕೆ ಸರಿಯಾಗಿ ಹೊಂದುತ್ತದೆ. ನಾಲ್ಕು ದಿನ ಅದನ್ನೇ ಬಳಸಿದೆ. ಆದರೆ ಹಾವು ಪೊರೆ ಬಿಡುತ್ತದೆ, ಕಣ್ಣಿನ ಪೊರೆಯನ್ನು ಡಾಕ್ಟರು ತೆಗೆಯುತ್ತಾರೆ. ಆ ಪದಕ್ಕೂ ಕಳಚಿಕೊಳ್ಳುವ ಗುಣವೇ ಇದೆ, ಅಲ್ವಾ?

ನನ್ನ ಮನಸ್ಸು ನಿಂತಿರುವುದು ‘ಮಾಗು’ ಅನ್ನುವುದರ ಮೇಲೆ. ಹಣ್ಣು ಮಾಗುತ್ತದೆ, ದನಿ ಮಾಗುತ್ತದೆ, ಮನುಷ್ಯ ಮಾಗುತ್ತಾನೆ. ತಾನಾಗಿ ಆಗುವಂಥದ್ದು, ಕಾಲ ಹಿಡಿಯುವಂಥದ್ದು, ಹಿಂದಕ್ಕೆ ಹೋಗದಂಥದ್ದು. ಈ ಮೂರೂ ಆ ಕಂದುಗಪ್ಪಿಗೆ ಒಪ್ಪುತ್ತವೆ. ಇನ್ನೊಂದು ಅನುಕೂಲವೂ ಇದೆ. ತಿಕ್ಕಿ ಹಾಳು ಮಾಡಿದ ರೀಲಿಗೆ ರಾಸಾಯನಿಕ ಹಚ್ಚಿ ಕಪ್ಪು ಬರಿಸಿ, ಹಳೆಯದೇ ಬಣ್ಣ ಅಂತ ಮಾರುವವರಿದ್ದಾರೆ. ಅದಕ್ಕೆ ‘ಗುದ್ದಿ ಹಣ್ಣು ಮಾಡಿದ್ದು’ ಅನ್ನೋ ಮಾತು ನಮ್ಮಲ್ಲಿ ಮೊದಲೇ ತಯಾರಿದೆ! ಹಾಗಾಗಿ ಈಗ ‘ಮಾಗುಬಣ್ಣ’ ಅಂತ ಬರೆಯುತ್ತಿದ್ದೇನೆ. ಹುಡುಗನ ಆ ಎರಡು ಪುಟದಲ್ಲೂ ಸಾಲು ತಿದ್ದಿದೆ: ‘ಕಿಲುಬು ತೆಗಿ, ಮಾಗುಬಣ್ಣ ಮುಟ್ಟಬೇಡ.’ ಓದಿದ ತಕ್ಷಣ ಅವನಿಗೆ ಅರ್ಥವಾಯಿತು. ಮೊದಲ ಸಲ ಕೇಳುವವರಿಗೂ ಹೀಗೇ ಅರ್ಥವಾಗುತ್ತದಾ ಅನ್ನೋದು ನನಗೆ ಬೇಕಾದ ಉತ್ತರ.

ಕ್ರಿಯಾಪದಗಳಲ್ಲೂ ಎಚ್ಚರ ಬೇಕು ಅಂತ ಆಮೇಲೆ ಹೊಳೆಯಿತು. ಒರೆಸು, ಉಜ್ಜು, ತಿಕ್ಕು, ಬೆಳಗು ಇವು ಒಂದೇ ಕೆಲಸ ಅಲ್ಲ. ಒರೆಸಿದರೆ ಮೇಲಿನ ಜಿಡ್ಡು ಹೋಗುತ್ತದೆ. ಉಜ್ಜಿದರೆ ಅಂಟಿದ್ದು ಬಿಡುತ್ತದೆ. ತಿಕ್ಕುವುದರಲ್ಲಿ ಬಲ ಇದೆ. ಬೆಳಗುವುದರಲ್ಲಿ ಹೊಳಪು ತರುವ ಉದ್ದೇಶವೇ ಇದೆ. ಹಳೆಯ ರೀಲಿನ ಮೈಗೆ ಒರೆಸು ಸಾಕು, ಕಿಲುಬಿರುವ ಜಾಗಕ್ಕೆ ಮಾತ್ರ ಉಜ್ಜು. ಉಳಿದೆರಡನ್ನೂ ನನ್ನ ಟಿಪ್ಪಣಿಯಿಂದ ತೆಗೆದುಹಾಕಿದ್ದೇನೆ.

ಇಡೀ ಕೆಲಸಕ್ಕೆ ಏನನ್ನಬೇಕು ಅನ್ನುವುದೂ ಇತ್ಯರ್ಥವಾಗಿಲ್ಲ. ಜೀರ್ಣೋದ್ಧಾರ ಅರ್ಥದಲ್ಲಿ ಸರಿ, ಆದರೆ ಅದು ದೇವಸ್ಥಾನದ ಅಳತೆಯ ಪದ. ಅಂಗೈಯಲ್ಲಿ ಹಿಡಿಸುವ ವಸ್ತುವಿಗೆ ಭಾರ ಆಗುತ್ತದೆ. ನವೀಕರಣ ಅಂದರೆ ಹೊಸದು ಮಾಡುವುದು, ನಾವು ಮಾಡಬಾರದ್ದೇ ಅದು. ಒಳಗಿನ ಹಲ್ಲುಚಕ್ರ, ಸ್ಪ್ರಿಂಗು, ಸವೆದ ಕೀಲುಗಳಿಗೆ ‘ದುರಸ್ತಿ’, ಹೊರಮೈಗೆ ‘ಜೋಪಾನ’ ಅಂತ ಎರಡಾಗಿ ಒಡೆದುಕೊಂಡಿದ್ದೇನೆ.

ಇನ್ನು ಡ್ರ್ಯಾಗ್. ಮೀನು ಎಳೆದಾಗ ದಾರ ಸಲೀಸಾಗಿ ಬಿಚ್ಚಿಕೊಳ್ಳದ ಹಾಗೆ ಒಳಗಿನ ಬಿಲ್ಲೆಗಳು ಒತ್ತಿ ಹಿಡಿಯುವುದು. ಇದನ್ನು ‘ಎಳೆತ’ ಅಂತ ಬರೆದದ್ದನ್ನು ನೋಡಿದೆ. ಎಳೆಯುವುದು ಮೀನು, ರೀಲ್ ಅಲ್ಲ. ‘ಬಿಗಿ’ ಅನ್ನೋದೇ ಸರಿ. ‘ಬಿಗಿ ಜಾಸ್ತಿಯಾಯಿತು, ದಾರ ಹರಿಯಿತು’ ಅಂದರೆ ಗಾಳ ಮುಟ್ಟದವರಿಗೂ ತಿಳಿಯುತ್ತದೆ. ಹಳೆಯವುಗಳಲ್ಲಿ ಈ ಬಿಲ್ಲೆ ಚರ್ಮದ್ದು ಇರುವುದುಂಟು. ಒಣಗಿ ಗಟ್ಟಿಯಾಗಿದ್ದರೆ ಬಿಗಿ ತಡವರಿಸಿ ತಡವರಿಸಿ ಬರುತ್ತದೆ.

ಜರ್ಮನ್ ಸಿಲ್ವರನ್ನು ಮಾತ್ರ ದಯವಿಟ್ಟು ಹಾಗೇ ಬಿಡಿ, ‘ಜರ್ಮನ್ ಬೆಳ್ಳಿ’ ಮಾಡಬೇಡಿ. ಅದು ತಾಮ್ರ, ನಿಕಲ್, ಸತು ಸೇರಿದ್ದು, ಬೆಳ್ಳಿ ಒಂದು ಗುಂಜಿಯೂ ಇಲ್ಲ. ನ್ಯೂಯಾರ್ಕಿನ ಎಡ್ವರ್ಡ್ ವಾಮ್ ಹೋಫ್ ಅವರ ರೀಲ್‌ಗಳಲ್ಲಿ ಕಪ್ಪು ಗಟ್ಟಿರಬ್ಬರಿನ ತಟ್ಟೆಗೆ ಈ ಲೋಹದ ಅಂಚು ಕಟ್ಟಿರುತ್ತದೆ. ಆ ಗಟ್ಟಿರಬ್ಬರೂ ಬಿಸಿಲಿಗೆ ಬಿದ್ದರೆ ಕಂದು ಹಸಿರಾಗುತ್ತದೆ. ಅದನ್ನು ನಾನು ಮಾಗುಬಣ್ಣ ಅನ್ನುವುದಿಲ್ಲ. ಅದು ಮೈ ಹಾಳಾಗುತ್ತಿರುವ ಗುರುತು, ಅದಕ್ಕೆ ‘ಬಿಸಿಲು ಹೊಡೆದಿದೆ’ ಅನ್ನೋದೇ ಸಾಕು.

ಕೊನೆಗೆ ಕೇಳುವುದು ಇಷ್ಟೇ. ಹಳೆಯ ಕಂಚಿನ ಗಂಟೆಯೋ ಹಿತ್ತಾಳೆ ಬೀಗವೋ ಕೈ ತಾಗಿ ತಾಗಿ ಕಂದುಗಪ್ಪಾಗಿ ಚೆಂದ ಕಾಣುತ್ತದಲ್ಲ, ನಿಮ್ಮ ಕಡೆ ಹಿರಿಯರು ಅದಕ್ಕೆ ಏನಾದರೂ ಹೆಸರಿಟ್ಟು ಹೇಳುತ್ತಿದ್ದರಾ? ಕಿಲುಬು ಅನ್ನದೆ, ಬೇರೆ ಏನಾದರೂ? ಅಂಥ ಪದ ಸಿಕ್ಕಿದರೆ ನನ್ನ ಮಾಗುಬಣ್ಣವನ್ನು ಅವತ್ತೇ ಬಿಟ್ಟುಬಿಡುತ್ತೇನೆ.