ಪ್ರೊಸೆಸರ್, ರ್ಯಾಮ್ ಬದಲಾಯಿಸಿದ ಮೇಲೆ ಕಂಪ್ಯೂಟರ್ ಬೂಟ್ ಆಗುತ್ತಿಲ್ಲ

ಕತ್ತಲಪರದೆ: ರೈಜೆನ್ 5 2600 ಇದ್ದ ಕಂಪ್ಯೂಟರಿಗೆ ರೈಜೆನ್ 5 5600 ಕೂರಿಸಿದ್ದೇನೆ. ಮದರ್‌ಬೋರ್ಡ್ ಬಿ450, ಕೊಂಡಾಗಿನಿಂದ ಅದೇ. ಜೊತೆಗೆ ಹಳೆಯ ಎರಡು 8 ಜಿಬಿ ರ್ಯಾಮ್‌ಗಳ ಪಕ್ಕದಲ್ಲಿ ಬೇರೆ ಕಂಪನಿಯ ಇನ್ನೆರಡು 8 ಜಿಬಿ ರ್ಯಾಮ್ ಹಾಕಿದೆ. ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ), ಎಸ್‌ಎಸ್‌ಡಿ ಎಲ್ಲವೂ ಹಳೆಯವೇ. ಬಟನ್ ಒತ್ತಿದರೆ ಫ್ಯಾನ್‌ಗಳು ತಿರುಗುತ್ತವೆ, ಮಾನಿಟರ್ ಮಾತ್ರ ಸಿಗ್ನಲ್ ಇಲ್ಲ ಎನ್ನುತ್ತದೆ. ಬೋರ್ಡಿನ ಅಂಚಿನಲ್ಲಿರುವ ನಾಲ್ಕು ಪುಟ್ಟ ಎಲ್‌ಇಡಿಗಳಲ್ಲಿ 'ಸಿಪಿಯು' ಎಂದು ಬರೆದಿರುವುದು ಕೆಂಪಗೆ ಉರಿಯುತ್ತಲೇ ಇರುತ್ತದೆ. ಎಲ್ಲಿಂದ ಶುರು ಮಾಡಲಿ?

ತಿರುಪುಳಿ: ರ್ಯಾಮ್ ತೆಗೆಯಿರಿ. ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಊದಿ, 'ಟಕ್' ಎಂದು ಕೇಳಿಸುವವರೆಗೆ ಒತ್ತಿ ಕೂರಿಸಿ. ಡಿಸ್‌ಪ್ಲೇ ಬರದ ಯಂತ್ರಗಳಲ್ಲಿ ಮುಕ್ಕಾಲು ಪಾಲು ಇಷ್ಟಕ್ಕೇ ಏಳುತ್ತವೆ.

ಬಿಡಿಭಾಗ: "ಬೇರೆ ಕಂಪನಿಯ" ಎಂದು ನೀವೇ ಬರೆದಿದ್ದೀರಿ, ಉತ್ತರವೂ ಅಲ್ಲೇ ಇದೆ. ಎರಡು ಕಿಟ್‌ಗಳನ್ನು ಬೆರೆಸಬಾರದು ಎಂದು ಎಷ್ಟು ಸಲ ಹೇಳಿದರೂ ಜನ ಕೇಳುವುದಿಲ್ಲ. ಹೊಸದನ್ನು ವಾಪಸ್ ಕೊಟ್ಟು ಒಂದೇ ಡಬ್ಬಿಯಲ್ಲಿ ಬರುವ ಜೋಡಿಯನ್ನು ತನ್ನಿ.

ಮೌನಿ: ಬೋರ್ಡಿನ ಚಾಲನಾ ತಂತ್ರಾಂಶದ, ಅಂದರೆ ಬಯೋಸಿನ, ಆವೃತ್ತಿ ಯಾವುದು?

ಸೊನ್ನೆಒಂದು: "ರಬ್ಬರಿನಿಂದ ಉಜ್ಜಿ"! ಈ ಸಲಹೆ ಇನ್ನೂ ಬದುಕಿದೆಯೇ? ಆ ಅಂಚಿನಲ್ಲಿರುವ ಚಿನ್ನದ ಲೇಪ ಒಂದು ಮೈಕ್ರಾನ್‌ಗಿಂತಲೂ ತೆಳು. ಕೆಳಗಿರುವುದು ನಿಕ್ಕಲ್. ಉಜ್ಜಿ ಉಜ್ಜಿ ಲೇಪ ಸವೆದರೆ ಆಮೇಲೆ ನಿಜವಾಗಿಯೂ ತುಕ್ಕು ಹಿಡಿಯಲು ಶುರುವಾಗುತ್ತದೆ. ಇಲ್ಲದ ರೋಗಕ್ಕೆ ಔಷಧ ಕೊಟ್ಟು ರೋಗ ತರಿಸುವ ಕೆಲಸ ಇದು.

ತಿರುಪುಳಿ: ಮೈಕ್ರಾನ್ ಅಳೆಯುತ್ತಾ ಕೂತವರಿಗೆ ಯಂತ್ರ ರಿಪೇರಿ ಮಾಡಿ ಗೊತ್ತಿರುವುದಿಲ್ಲ. ನಾನು ಹೇಳಿದ್ದು ಪೆನ್ಸಿಲ್ ರಬ್ಬರ್. ಅದು ಮೆತ್ತಗಿರುತ್ತದೆ. ಇಂಕ್ ಅಳಿಸುವ ಒರಟು ರಬ್ಬರ್ ಹಿಡಿದರೆ ಲೇಪ ಹೋಗುತ್ತದೆ, ಅದು ನನಗೂ ಗೊತ್ತು.

ಸೊನ್ನೆಒಂದು: "ನನಗೂ ಗೊತ್ತು" ಎಂದಿರಿ, ಸಂತೋಷ. ಹಾಗಿದ್ದರೆ ಮೊದಲ ಉತ್ತರದಲ್ಲೇ ಆ ಎಚ್ಚರಿಕೆ ಯಾಕಿರಲಿಲ್ಲ? ಓದುವವರ ಕೈಯಲ್ಲಿ ಯಾವ ರಬ್ಬರ್ ಇರುತ್ತದೋ ನಿಮಗೆ ಕಾಣುತ್ತದೆಯೇ? ಇನ್ನು ರಬ್ಬರ್ ಉಜ್ಜಿದಾಗ ಹುಟ್ಟುವ ಸ್ಥಾಯೀ ವಿದ್ಯುತ್ತಿನ ವಿಷಯ ಎತ್ತಿಯೇ ಇಲ್ಲ. ಬಟ್ಟೆಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿದರೆ ಸಾಕು.

ವೋಲ್ಟೇಜ್: ಎಲ್ಲರೂ ರ್ಯಾಮ್ ಹಿಡಿದುಕೊಂಡಿದ್ದೀರಿ. ಫ್ಯಾನ್ ತಿರುಗುವುದು ಎಸ್‌ಎಂಪಿಎಸ್ ಸರಿಯಿದೆ ಎನ್ನುವುದಕ್ಕೆ ಸಾಕ್ಷಿ ಅಲ್ಲ. 12 ವೋಲ್ಟ್ ತಂತಿಯಲ್ಲಿ 11.4ಕ್ಕಿಂತ ಕಡಿಮೆ ಬಂದರೆ ಎಟಿಎಕ್ಸ್ ಮಾನದಂಡದ ಪ್ರಕಾರವೇ ಅದು ಫೇಲ್. ಮಲ್ಟಿಮೀಟರ್ ಇದೆಯೇ? ಪ್ರೊಸೆಸರಿನ ಎಂಟು ಪಿನ್ ಕೇಬಲ್ ಪೂರ್ತಿ ಕೂತಿದೆಯೇ ನೋಡಿದಿರಾ?

ಕತ್ತಲಪರದೆ: ಎಂಟು ಪಿನ್ ಕೇಬಲ್ ಕೂತಿದೆ, ಕೊಕ್ಕೆ ಸಿಕ್ಕಿಕೊಂಡಿದೆ. 2600, 5600 ಎರಡೂ 65 ವ್ಯಾಟ್‌ನವು. ಹಳೆಯದನ್ನು ಹೊತ್ತಿದ್ದ ಎಸ್‌ಎಂಪಿಎಸ್ ಹೊಸದಕ್ಕೆ ಯಾಕೆ ಸುಸ್ತಾಗಬೇಕು? ರ್ಯಾಮ್ ಒಂದೊಂದನ್ನೇ ಹಾಕಿಯೂ ನೋಡಿದೆ, ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಸ್ಲಾಟಿನಲ್ಲಿ. ಅದೇ ಕೆಂಪು ಎಲ್‌ಇಡಿ.

ವೋಲ್ಟೇಜ್: "65 ವ್ಯಾಟ್" ಎಂಬುದು ಡಬ್ಬಿಯ ಮೇಲಿನ ಸಂಖ್ಯೆ. ನಿಜವಾದ ಬಳಕೆ ಅದಕ್ಕಿಂತ ಮೇಲೆ ಹೋಗುತ್ತದೆ. ಮೊದಲು ಅಳೆಯಿರಿ.

ಮೌನಿ: ಪರದೆಯೇ ಬಾರದ ಹಂತದಲ್ಲಿ ಪ್ರೊಸೆಸರ್ ಅಷ್ಟೆಲ್ಲ ಎಳೆಯುವುದಿಲ್ಲ. ಬಯೋಸ್ ಆವೃತ್ತಿ ಹೇಳಿ. ಬಿ450 ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಹಳೆಯ ಬಯೋಸಿಗೆ ಆ ಪ್ರೊಸೆಸರ್ ಯಾವುದೆಂದೇ ತಿಳಿದಿರುವುದಿಲ್ಲ. ಉರಿಯುತ್ತಿರುವುದೂ ಸಿಪಿಯು ಎಲ್‌ಇಡಿ. ಸಂಶಯ ಅಲ್ಲಿಗೇ ಹೋಗಬೇಕು.

ಬಿಡಿಭಾಗ: "ಒಂದೊಂದನ್ನೇ ಹಾಕಿಯೂ ನೋಡಿದೆ" ಎಂದರೆ ಏನೂ ತೀರ್ಮಾನವಾಗುವುದಿಲ್ಲ. ಪ್ರತಿ ಸಲ ಸಿಮೋಸ್ ಕ್ಲಿಯರ್ ಮಾಡಿ ಬಯೋಸಿನ ಸೆಟ್ಟಿಂಗ್ ಅಳಿಸಿದಿರಾ? ಇಲ್ಲದಿದ್ದರೆ ರ್ಯಾಮಿನ ವೇಗ ಏರಿಸುವ ಹಳೆಯ ಎಕ್ಸ್‌ಎಂಪಿ ಸೆಟ್ಟಿಂಗ್ ಅಲ್ಲೇ ಕೂತಿರುತ್ತದೆ. ನಾಲ್ಕು ಸ್ಲಾಟ್ ತುಂಬಿದರೆ ಈ ಪ್ರೊಸೆಸರ್‌ಗಳಿಗೆ ರ್ಯಾಮ್ ವೇಗ 2667 ಮಾತ್ರ ಎಂದು ರೈಜೆನ್ ತಯಾರಿಸುವ ಎಎಂಡಿಯೇ ತನ್ನ ಪಟ್ಟಿಯಲ್ಲಿ ಹೇಳಿದೆ.

ಸೊನ್ನೆಒಂದು: ಪಟ್ಟಿಯ ಒಂದು ಸಾಲನ್ನು ಮಾತ್ರ ಓದಿದ್ದೀರಿ. 2667 ಇರುವುದು ನಾಲ್ಕೂ ಡ್ಯುಯಲ್ ರ್ಯಾಂಕ್, ಅಂದರೆ ಚಿಪ್‌ಗಳ ಎರಡು ಗುಂಪು ಇರುವಂಥವು, ಆಗಿದ್ದಾಗ. ಸಿಂಗಲ್ ರ್ಯಾಂಕ್ ಆದರೆ 2933. 8 ಜಿಬಿಯ ಡಿಡಿಆರ್4 ಹೆಚ್ಚಾಗಿ ಸಿಂಗಲ್ ರ್ಯಾಂಕ್ ಆಗಿರುತ್ತದೆ. ಅದಿರಲಿ, ತಿರುಪುಳಿಯವರು ಸ್ಥಾಯೀ ವಿದ್ಯುತ್ತಿನ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.

ತಿರುಪುಳಿ: ಕೊಡುತ್ತೇನೆ. ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಆಮೇಲೆ ಕೆಲಸ ಮಾಡುತ್ತೇವೆ, ಅಷ್ಟೇ. ನಿಮ್ಮ ಆಲ್ಕೊಹಾಲ್ ಇರುವ ಮನೆ ಎಷ್ಟಿದೆ? ಇದ್ದರೂ ಅದು 70 ಪ್ರತಿಶತದ್ದು, ಉಳಿದದ್ದು ನೀರು. ನೀರು ಬಳಿದ ರ್ಯಾಮನ್ನು ಸ್ಲಾಟಿಗೆ ತುರುಕಿ ಎನ್ನುವವರು ನನಗೆ ಅಪಾಯದ ಪಾಠ ಹೇಳುತ್ತಿದ್ದಾರೆ.

ಸೊನ್ನೆಒಂದು: "ತುರುಕಿ" ಎಂದು ನಾನು ಎಲ್ಲಿ ಬರೆದಿದ್ದೇನೆ? ಒಣಗಿದ ಮೇಲೆ ಹಾಕಬೇಕು ಎಂಬುದು ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ. ಆದರೆ ರಬ್ಬರಿನ ಪುಡಿ ಸ್ಲಾಟಿನೊಳಗೆ ಬಿದ್ದರೆ ಅದು ಒಣಗಿ ಆರಿ ಹೋಗುವುದಿಲ್ಲ, ಸಂಪರ್ಕದ ನಡುವೆ ಸಿಕ್ಕಿಕೊಳ್ಳುತ್ತದೆ.

ತಿರುಪುಳಿ: ಅದಕ್ಕೇ "ಊದಿ" ಎಂದು ಬರೆದದ್ದು. ಓದುವ ಅಭ್ಯಾಸವಿದ್ದರೆ ಮೇಲೆ ಹೋಗಿ ನೋಡಿ.

ಸೊನ್ನೆಒಂದು: ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ತೇವ. ಈಗ ನೀರಿನ ಬಗ್ಗೆ ಏನೋ ಹೇಳುತ್ತಿದ್ದಿರಿ?

ತಿರುಪುಳಿ: ನಿಮ್ಮ ಜೊತೆ ಮಾತಾಡುವುದಕ್ಕಿಂತ ಸುಟ್ಟ ಮದರ್‌ಬೋರ್ಡಿನ ಜೊತೆ ಮಾತಾಡಬಹುದು, ಅದಾದರೂ ಸುಮ್ಮನಿರುತ್ತದೆ.

ಕತ್ತಲಪರದೆ: ಹೊಸ ರ್ಯಾಮ್ ಇವತ್ತು ಪ್ಯಾಕೆಟ್ ಒಡೆದದ್ದು. ಅದರ ಮೇಲೆ ಏನನ್ನು ಉಜ್ಜಲಿ? ಮೌನಿಯವರೇ, ಪರದೆಯೇ ಬರದಿದ್ದರೆ ಬಯೋಸ್ ಆವೃತ್ತಿ ನೋಡುವುದು ಹೇಗೆ? ಬೂಟ್ ಆಗದೆಯೂ ಬಯೋಸ್ ಬದಲಿಸುವ ಫ್ಲಾಶ್‌ಬ್ಯಾಕ್ ಬಟನ್ ಬೋರ್ಡಿನ ಹಿಂಭಾಗದಲ್ಲಿ ಇಲ್ಲ.

ಮೌನಿ: ಹಾಗಿದ್ದರೆ 2600 ವಾಪಸ್ ಹಾಕಿ ಬೂಟ್ ಮಾಡಿ, ಒಳಗಿನಿಂದಲೇ ಅಪ್‌ಡೇಟ್ ಮಾಡಬೇಕು. ಪೆನ್‌ಡ್ರೈವ್ ಎಫ್‌ಎಟಿ32 ಫಾರ್ಮ್ಯಾಟಿನಲ್ಲಿರಲಿ. ತಯಾರಕರ ಪುಟದಲ್ಲಿ ಆ ಬಯೋಸಿನ ಕೆಳಗಿರುವ ಟಿಪ್ಪಣಿ ಓದಿ. ಕೆಲವು ಬೋರ್ಡುಗಳಲ್ಲಿ ನಡುವಿನ ಒಂದು ಆವೃತ್ತಿಗೆ ಹೋಗಿಯೇ ಮುಂದಕ್ಕೆ ಹೋಗಬೇಕು. ಹೀಟ್‌ಸಿಂಕ್ ನೇರ ಮೇಲಕ್ಕೆ ಎಳೆಯಬೇಡಿ. ನಿಮ್ಮ ಬೋರ್ಡಿನ ಎಎಂ4 ಮಾದರಿಯ ಸಾಕೆಟ್ಟಿನಲ್ಲಿ ಪಿನ್ ಇರುವುದು ಪ್ರೊಸೆಸರಿನ ಹೊಟ್ಟೆಯಲ್ಲಿ, ಪೇಸ್ಟ್ ಹಿಡಿದುಕೊಂಡಿದ್ದರೆ ಸಾಕೆಟ್ ಬೀಗ ಹಾಕಿದ್ದರೂ ಪ್ರೊಸೆಸರ್ ಕಿತ್ತು ಬರುತ್ತದೆ. ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಬಿಡಿಸಿಕೊಳ್ಳಿ.

ವೋಲ್ಟೇಜ್: ಎಸ್‌ಎಂಪಿಎಸ್ ಅಳೆಯದೆ ಬಯೋಸ್ ಫ್ಲಾಶ್ ಮಾಡಿಸುತ್ತಿದ್ದೀರಿ. ಮಧ್ಯದಲ್ಲಿ ಕೈಕೊಟ್ಟರೆ ಬೋರ್ಡೇ ಸತ್ತಂತೆ.

ಬಿಡಿಭಾಗ: ಬಿ450ಗೆ 5000 ಸರಣಿಯ ಬೆಂಬಲವೇ ಇಲ್ಲ ಎಂದು ಎಎಂಡಿ ಹೇಳಿತ್ತು, 2020ರ ಮೇ ತಿಂಗಳಲ್ಲಿ. ಹುಡುಕಿದರೆ ಸುದ್ದಿ ಸಿಗುತ್ತದೆ.

ಮೌನಿ: ಅದೇ ತಿಂಗಳು ಮಾತು ಬದಲಿಸಿದ ಸುದ್ದಿಯೂ ಸಿಗುತ್ತದೆ.

ಬಿಡಿಭಾಗ: ಹೇಳಿತ್ತೋ ಇಲ್ಲವೋ?

ಕತ್ತಲಪರದೆ: 2600 ವಾಪಸ್ ಹಾಕಿದೆ. ನಾಲ್ಕೂ ರ್ಯಾಮ್ ಇದ್ದಂತೆಯೇ ಪರದೆ ಬಂತು. ಬಯೋಸ್ 2019ರದು. ಟಿಪ್ಪಣಿ ಓದಿ ಹೊಸದನ್ನು ಹಾಕಿ, 5600 ಕೂರಿಸಿದೆ. ಸಿಪಿಯು ಎಲ್‌ಇಡಿ ಒಂದು ಕ್ಷಣ ಮಿನುಗಿ ಆರಿತು. ಆದರೆ ಈಗ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ, ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ ದಾಖಲೆ ಬದಲಾಗಿದೆ, ಅಳಿಸಲು ವೈ ಒತ್ತಿ, ಉಳಿಸಿಕೊಳ್ಳಲು ಎನ್ ಒತ್ತಿ ಎನ್ನುತ್ತಿದೆ. ಯಾವುದು?

ತಿರುಪುಳಿ: ವೈ ಒತ್ತಿ ಮುಂದೆ ಹೋಗಿ. ಎಲ್ಲರೂ ಅದನ್ನೇ ಒತ್ತುತ್ತಾರೆ.

ಸೊನ್ನೆಒಂದು: ಕೈ ತೆಗೆಯಿರಿ! ವಿಂಡೋಸ್‌ನಲ್ಲಿ ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ಕೀಲಿ ಪ್ರೊಸೆಸರಿನ ಈ ರಹಸ್ಯ ಭಂಡಾರದಲ್ಲೇ, ಎಫ್‌ಟಿಪಿಎಂನಲ್ಲೇ, ಇರುತ್ತದೆ. ವೈ ಒತ್ತಿದರೆ ಅದು ಹೋಯಿತು, 48 ಅಂಕಿಗಳ ರಿಕವರಿ ಕೀ ಇಲ್ಲದಿದ್ದರೆ ನಿಮ್ಮ ಡ್ರೈವ್ ನಿಮಗೇ ತೆರೆಯುವುದಿಲ್ಲ. "ಎಲ್ಲರೂ ಒತ್ತುತ್ತಾರೆ" ಎಂಬ ಸಲಹೆಯಿಂದ ಎಷ್ಟು ಜನರ ಫೋಟೋಗಳು ಮಣ್ಣಾಗಿವೆಯೋ.

ತಿರುಪುಳಿ: ಅವರು ಬಿಟ್‌ಲಾಕರ್ ಹಾಕಿದ್ದೇನೆ ಎಂದು ಎಲ್ಲೂ ಹೇಳಿಲ್ಲ.

ಸೊನ್ನೆಒಂದು: ಇಲ್ಲ ಎಂದೂ ಹೇಳಿಲ್ಲ. ಕೆಲವು ಯಂತ್ರಗಳಲ್ಲಿ ಅದು ಮಾಲೀಕನಿಗೆ ತಿಳಿಯದೆಯೇ ಆನ್ ಆಗಿರುತ್ತದೆ.

ಮೌನಿ: ಸಂಶಯವಿದ್ದರೆ ಎನ್. ಹಳೆಯ ದಾಖಲೆ ಉಳಿಯುತ್ತದೆ, ಎಫ್‌ಟಿಪಿಎಂ ಮಾತ್ರ ಹೊಸ ಪ್ರೊಸೆಸರಿನಲ್ಲಿ ಕೆಲಸ ಮಾಡುವುದಿಲ್ಲ. ಮೈಕ್ರೊಸಾಫ್ಟ್ ಖಾತೆಗೆ ಬೇರೆ ಸಾಧನದಿಂದ ಲಾಗಿನ್ ಆಗಿ ರಿಕವರಿ ಕೀ ಅಲ್ಲಿದೆಯೇ ನೋಡಿ. ಇದ್ದರೆ ಬರೆದಿಟ್ಟುಕೊಂಡು ವೈ ಒತ್ತಿ.

ಕತ್ತಲಪರದೆ: ಖಾತೆಯಲ್ಲಿ ಕೀ ಇತ್ತು, ಬಿಟ್‌ಲಾಕರ್ ಆನ್ ಆಗಿಯೇ ಇತ್ತು. ಬರೆದುಕೊಂಡು ವೈ ಒತ್ತಿದೆ, ಕೀ ಕೇಳಿತು, ಕೊಟ್ಟೆ. ವಿಂಡೋಸ್ ತೆರೆಯಿತು. ಎಕ್ಸ್‌ಎಂಪಿ ಆನ್ ಮಾಡಿ ನಾಲ್ಕೂ ರ್ಯಾಮ್ 3200ನಲ್ಲಿ ಓಡುತ್ತಿವೆ. ಎಲ್ಲರಿಗೂ ಧನ್ಯವಾದ.

ತಿರುಪುಳಿ: ಪ್ರೊಸೆಸರ್ ತೆಗೆಯುವಾಗ ರ್ಯಾಮ್ ಕೂಡ ತೆಗೆದು ಹಾಕಿರುತ್ತೀರಿ. ಅರ್ಧ ಕೆಲಸ ಅಲ್ಲೇ ಆಗಿದೆ.

ಕತ್ತಲಪರದೆ: ರ್ಯಾಮ್ ಮುಟ್ಟಲೇ ಇಲ್ಲ.

ಬಿಡಿಭಾಗ: 3200? ಸೊನ್ನೆಒಂದು ಅವರೇ ಹೇಳಿದ ಲೆಕ್ಕದಲ್ಲಿ 2933 ದಾಟಬಾರದು. ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದಿರಾ?

ಕತ್ತಲಪರದೆ: ರಾತ್ರಿಯಿಡೀ ಓಡಿಸಿದೆ, ಒಂದೂ ದೋಷ ಬರಲಿಲ್ಲ.

ಬಿಡಿಭಾಗ: ಒಂದು ರಾತ್ರಿ ಸಾಕಾಗುವುದಿಲ್ಲ. ಆಟ ಆಡುವಾಗ ತಾನಾಗಿ ರೀಸ್ಟಾರ್ಟ್ ಆದ ದಿನ ಇಲ್ಲಿಗೇ ಬಂದು ಬರೆಯಿರಿ.

ವೋಲ್ಟೇಜ್: ತಾನಾಗಿ ರೀಸ್ಟಾರ್ಟ್ ಆದರೆ ಅದು ರ್ಯಾಮ್ ಅಲ್ಲ.